ಯಾರೂ ಸಾಯದ ಬಾಂಬ್ ದಾಳಿ

1940ರ ಅಕ್ಟೋಬರ್ 19ರ ನಸುಕಿನಲ್ಲಿ ಇಟಲಿಯ ವಿಮಾನಗಳು ಬಹ್ರೇನಿನ ತೈಲ ಶುದ್ಧೀಕರಣಾಗಾರದ ಮೇಲೆ ಬಾಂಬ್ ಸುರಿಸಿದವು. ಎತ್ತೋರೆ ಮೂತಿಯ ನೇತೃತ್ವದಲ್ಲಿ ರೋಡ್ಸ್ ದ್ವೀಪದಿಂದ ಹೊರಟದ್ದು ನಾಲ್ಕು ವಿಮಾನಗಳು; ದಾಳಿ ಮುಗಿಸಿ ಇಳಿದದ್ದು ಎರಿಟ್ರಿಯಾದಲ್ಲಿ. ಒಟ್ಟು ದಾರಿ 4,000 ಕಿಲೋಮೀಟರಿಗೂ ಹೆಚ್ಚು.

ಹಾನಿ ಅಲ್ಪ, ಜೀವಹಾನಿ ಇಲ್ಲ. ಹಾಗಾದರೆ ಪಾಪವೂ ಇಲ್ಲವೇ?

ಕನ್ನಡ ನೆಲದಲ್ಲಿ ಬೇರುಬಿಟ್ಟ ಜೈನ ಚಿಂತನೆ ಇಲ್ಲಿ ನೇರವಾಗಿ ಮಾತಾಡುತ್ತದೆ. ಜೀವ ತೆಗೆಯುವುದು ದ್ರವ್ಯಹಿಂಸೆ. ಕೊಲ್ಲುವ ಭಾವ ಒಳಗೆ ಹುಟ್ಟುವುದೇ ಭಾವಹಿಂಸೆ. ತತ್ತ್ವಾರ್ಥಸೂತ್ರವಂತೂ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಕಾಣುತ್ತದೆ. ಗುರಿ ತಪ್ಪಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ.

ವೈಮಾನಿಕರ ಪರವಾಗಿಯೂ ಒಂದು ಮಾತಿದೆ: ಅವರ ಗುರಿ ಇಂಧನ, ಜನರಲ್ಲ, ಇಂಧನ ತೀರಿದರೆ ಯುದ್ಧ ಬೇಗ ನಿಂತೀತು. ಈ ವಾದಕ್ಕೆ ತೂಕವಿದೆ. ಆದರೆ ಕತ್ತಲಲ್ಲಿ ಎತ್ತರದಿಂದ ಬಿಟ್ಟ ಬಾಂಬಿಗೆ ತೈಲದ ಟ್ಯಾಂಕೂ ರಾತ್ರಿಪಾಳಿಯ ಕಾರ್ಮಿಕನೂ ಒಂದೇ. ಪಂಪನ ಆದಿಪುರಾಣದಲ್ಲಿ ಭರತ-ಬಾಹುಬಲಿಯರು ಸೈನ್ಯಗಳನ್ನು ಬದಿಗಿಟ್ಟು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಎದುರುಬದುರಾದರು. ಸಂಬಂಧವಿಲ್ಲದವರ ಜೀವವನ್ನು ಅಲ್ಲಿ ಪಣಕ್ಕಿಡಲಿಲ್ಲ. ಬಹ್ರೇನಿನಲ್ಲಿ ಇಡಲಾಯಿತು. ಯಾರೂ ಸಾಯಲಿಲ್ಲವೆಂಬ ಕಾರಣಕ್ಕೆ ಆ ದಾಳಿಯನ್ನು ನಿರ್ದೋಷ ಎನ್ನಲಾಗದು.