ಪಾರಣೆಯಿಲ್ಲದ ಉಪವಾಸ

ಏಕಾದಶಿಯ ಉಪವಾಸ ಪೂರ್ಣವಾಗುವುದು ದ್ವಾದಶಿಯ ಪಾರಣೆಯಿಂದ. ಭಾಗವತದ ಅಂಬರೀಷನಿಗೆ ಒದಗಿದ ಇಕ್ಕಟ್ಟು ಇದೇ. ಅತಿಥಿಯಾಗಿ ಬಂದು ಸ್ನಾನಕ್ಕೆ ಹೋದ ದೂರ್ವಾಸ ಮುನಿ ಮರಳಲಿಲ್ಲ, ದ್ವಾದಶಿ ಮುಗಿಯುತ್ತ ಬಂತು. ಅತಿಥಿಗಿಂತ ಮೊದಲು ಉಣ್ಣುವಂತಿಲ್ಲ, ಪಾರಣೆ ತಪ್ಪಿಸುವಂತೆಯೂ ಇಲ್ಲ. ಕಡೆಗೆ ರಾಜ ನೀರನ್ನಷ್ಟೇ ಕುಡಿದು ವ್ರತ ಉಳಿಸಿಕೊಂಡ. ಉಪವಾಸ ಬಿಡುವುದೂ ವ್ರತದ ಅಂಗವೇ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ‘ಅನೊರೆಕ್ಸಿಯಾ ನರ್ವೋಸಾ’ ಎಂದು ಹೆಸರಿಟ್ಟ, ಊಟ ಬಿಡುತ್ತಲೇ ಹೋಗುವ ಕಾಯಿಲೆಯಲ್ಲಿ ಈ ಪಾರಣೆಯೇ ಇಲ್ಲ.

ಹೊರಗಿನಿಂದ ನೋಡಿದವರಿಗೆ ವ್ರತ, ಕಾಯಿಲೆ ಎರಡೂ ಒಂದೇ ಥರ ಕಾಣಬಹುದು. ಇಟಲಿಯ ಸಂತ ಮಹಿಳೆ ಸಿಯೆನಾದ ಕ್ಯಾಥರೀನ್ (1347–1380) ಊಟ ಬಿಡುತ್ತ ಹೋಗಿ 33ನೇ ವಯಸ್ಸಿಗೆ ತೀರಿಕೊಂಡಳು. ಇತಿಹಾಸಕಾರ ರುಡಾಲ್ಫ್ ಬೆಲ್ 1985ರಲ್ಲಿ ಇದನ್ನು ‘ಪವಿತ್ರ ಅನೊರೆಕ್ಸಿಯಾ’ ಎಂದರು. ಆ ಕಾಲದ ಭಕ್ತೆಯರ ಉಪವಾಸವನ್ನು ಇಂದಿನ ರೋಗದ ಹೆಸರಿನಿಂದ ಅಳೆಯಲಾಗದೆಂದು ಇನ್ನೊಬ್ಬ ಇತಿಹಾಸಕಾರರಾದ ಕ್ಯಾರೊಲಿನ್ ಬೈನಮ್ ವಾದಿಸಿದರು. ಆದರೆ ಕ್ಯಾಥರೀನಳ ಒಂದು ಪತ್ರ ಮನಸ್ಸನ್ನು ಕಲಕುತ್ತದೆ: ಎಲ್ಲರಂತೆ ಉಣ್ಣುವ ಶಕ್ತಿ ಕೊಡೆಂದು ದೇವರನ್ನು ಬೇಡುತ್ತಿರುವುದಾಗಿ ಅವಳೇ ಅದರಲ್ಲಿ ಬರೆದಿದ್ದಾಳೆ. ಬೇಕೆಂದರೂ ಉಣ್ಣಲಾಗದ ಸ್ಥಿತಿಯನ್ನು ತಪಸ್ಸೆನ್ನುವುದು ಕಷ್ಟ.

ಹಸಿವು ತಾನಾಗಿಯೇ ಮನಸ್ಸನ್ನು ಸೆರೆಹಿಡಿಯುತ್ತದೆ ಎಂಬುದಕ್ಕೆ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗ ಸಾಕ್ಷಿ. 1944–45ರಲ್ಲಿ ಅಲ್ಲಿನ ಸಂಶೋಧಕ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲೊಪ್ಪದ ಆ ಯುವಕರು ಅಡುಗೆ ಪುಸ್ತಕ ಓದತೊಡಗಿದರು, ತುತ್ತನ್ನು ಚೂರುಚೂರು ಮಾಡಿ ಗಂಟೆಗಟ್ಟಲೆ ಕುಳಿತರು, ತಟ್ಟೆ ನೆಕ್ಕಿದರು. ಅವರಿಗೆ ವೈರಾಗ್ಯ ಬರಲಿಲ್ಲ, ಹಗಲಿರುಳೂ ಅನ್ನದ್ದೇ ಧ್ಯಾನವಾಯಿತು. ಬುದ್ಧ ಕಠಿಣ ನಿರಶನವನ್ನು ಕೈಬಿಟ್ಟದ್ದೂ ಅದರಿಂದ ಅರಿವು ಮೂಡದೆಂದು ಕಂಡುಕೊಂಡ ಮೇಲೆಯೇ.

ಆಹಾರ ಬಿಡುತ್ತ ಹೋಗಿ ಸಾವನ್ನು ಎದುರುಗೊಳ್ಳುವ ಜೈನರ ಸಲ್ಲೇಖನದ ಮಾತು ಬೇರೆ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಸ್ಮರಿಸುವ ಈ ವ್ರತಕ್ಕೆ ಜೈನ ಆಚಾರ್ಯ ಸಮಂತಭದ್ರರು ಹೇಳುವ ಸಂದರ್ಭಗಳು ಪರಿಹಾರವಿಲ್ಲದ ಉಪಸರ್ಗ (ವಿಪತ್ತು), ಬರ, ಮುಪ್ಪು, ರೋಗ ಇಷ್ಟೇ. ಸಾವನ್ನು ಬಯಸುವುದೇ ಅಲ್ಲಿ ಅತಿಚಾರ, ಅಂದರೆ ವ್ರತದೋಷ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಅಪರಾಧವೆಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ವಿವಾದ ಏನೇ ಇರಲಿ, ದಪ್ಪಗಾಗುವ ಭಯದಿಂದ ತಟ್ಟೆ ಸರಿಸುವ ಹದಿಹರೆಯದ ಹುಡುಗಿಗೆ ಆ ನಿಯಮಗಳಲ್ಲಿ ಎಡೆಯೇ ಇಲ್ಲ.

ಮನೆಯಲ್ಲಿ ಗಮನಿಸಬೇಕಾದದ್ದು ವ್ರತದ ದಿನಗಳು ಏರುತ್ತ ಹೋಗುವುದನ್ನು. ವಾರಕ್ಕೊಂದು ಒಪ್ಪತ್ತು ಮೂರಾಗುತ್ತದೆ. ಹಬ್ಬ ಬಂದರೂ ಹೋಳಿಗೆ ಮುಟ್ಟುವುದಿಲ್ಲ, ಪ್ರಸಾದವೂ ಕೈಯಲ್ಲೇ ಉಳಿಯುತ್ತದೆ. ಬಿಸಿಲಲ್ಲೂ ಚಳಿ, ನಿಧಾನವಾದ ನಾಡಿ, ನಿಂತ ಮುಟ್ಟು ಇವೆಲ್ಲ ದೇಹ ಸೋಲುತ್ತಿರುವ ಗುರುತುಗಳು. ಊಟವಾದ ಕೂಡಲೇ ಬಚ್ಚಲಿಗೆ ಹೋಗುವುದು, ಬೆರಳ ಗೆಣ್ಣಿನ ಮೇಲೆ ಜಡ್ಡು, ಸವೆದ ಹಲ್ಲು ಕಂಡರೆ ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಇರಬಹುದು; ಅದರಲ್ಲಿ ತೂಕ ಸರಿಯಾಗಿಯೇ ಕಾಣುವುದರಿಂದ ಮನೆಯವರು ಮೋಸಹೋಗುತ್ತಾರೆ.

ಚಿಕಿತ್ಸೆ ಶುರುವಾಗುವುದು ಅನ್ನದಿಂದ, ಆದರೆ ವೈದ್ಯರ ಕಣ್ಗಾವಲಿನಲ್ಲಿ. ತೀರಾ ಸೊರಗಿದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಕುತ್ತು ಬರುತ್ತದೆ. ಹದಿಹರೆಯದವರಿಗೆ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕ್ರಮದಲ್ಲಿ ತಂದೆತಾಯಿಯೇ ಪಕ್ಕದಲ್ಲಿ ಕುಳಿತು ಉಣಿಸುತ್ತಾರೆ; ಮನೋಚಿಕಿತ್ಸೆ ಜೊತೆಗೆ ನಡೆಯುತ್ತದೆ. ಗುರುಹಿರಿಯರಿಗೂ ಇಲ್ಲಿ ಕೆಲಸವಿದೆ. ರಂಜಾನಿನಲ್ಲಿ ಕಾಯಿಲೆಯವರಿಗೆ ವಿನಾಯಿತಿ ಇದೆ, ಕ್ಯಾಥೊಲಿಕ್ ಉಪವಾಸ ನಿಯಮ 18 ತುಂಬದವರಿಗೆ ಅನ್ವಯಿಸುವುದೇ ಇಲ್ಲ. ಮನೆದೇವರ ಹೆಸರಲ್ಲಿ ಹಸಿದಿರುವ ಹುಡುಗಿಗೆ, ಗುಣವಾಗುವ ತನಕ ಉಣ್ಣುವುದೇ ನಿನ್ನ ನೇಮವೆಂದು ಅವಳು ನಂಬುವ ಹಿರಿಯರೊಬ್ಬರು ಬಾಯಿಬಿಟ್ಟು ಹೇಳಬೇಕು.