ನುಲಿಯ ಕಾಯಕವೂ ಬಸ್ಸಿನ ತಂತಿಯೂ

ಶರಣಧರ್ಮದಲ್ಲಿ ಕಾಯಕಕ್ಕೆ ಮೇಲು ಕೀಳೆಂಬ ಭೇದವಿಲ್ಲವೆಂಬುದು ಸದ್ಭಕ್ತರೆಲ್ಲರಿಗೂ ವಿದಿತವಾದ ಸಂಗತಿ. ಬಟ್ಟೆಯನ್ನು ಮಡಿಮಾಡಿದ ಮಾಚಿದೇವರು, ದೋಣಿಯನ್ನು ನಡೆಯಿಸಿದ ಚೌಡಯ್ಯನವರು, ಬಿದಿರನ್ನು ಹೆಣೆದ ಕೇತಯ್ಯನವರು ಇವರ ಹೆಸರುಗಳು ಮನೆಮನೆಯಲ್ಲಿಯೂ ಬಳಕೆಯಲ್ಲಿವೆ. ಹಗ್ಗ ಹೊಸೆದು ಬಾಳಿದ ನುಲಿಯ ಚಂದಯ್ಯನವರನ್ನು ಜನರು ನೆನೆಯುವುದು ಮಾತ್ರ ಕೊಂಚ ಕಡಿಮೆಯೇ ಸರಿ.

ಚಂದಯ್ಯನವರು ಹುಲ್ಲನ್ನು ಕೊಯ್ದು ತಂದು, ಹುರಿಮಾಡಿ, ಹಗ್ಗವನ್ನು ಮಾರಿ, ಬಂದುದರಲ್ಲಿ ಜಂಗಮದಾಸೋಹವನ್ನು ನಡೆಯಿಸುತ್ತಿದ್ದರು. ಒಂದು ದಿನ ಹುಲ್ಲು ಕೊಯ್ಯಲು ಬಾಗಿದಾಗ ಇಷ್ಟಲಿಂಗವು ಜಾರಿ ಬಿದ್ದಿತು. ಅವರು ಕೈಯ ಕೆಲಸವನ್ನು ನಿಲ್ಲಿಸಲಿಲ್ಲ. ಲಿಂಗವೇ ಬೆನ್ನುಹತ್ತಿ ಬಂದಿತೆಂದೂ, ಮಡಿವಾಳ ಮಾಚಿದೇವರು ನಡುವೆ ನಿಂತು ಬುದ್ಧಿ ಹೇಳಿದರೆಂದೂ, ಕಡೆಗೆ ಹಗ್ಗ ಮಾರಿಬರುವ ಕಾಯಕವನ್ನು ಲಿಂಗಕ್ಕೇ ವಹಿಸಿ ಚಂದಯ್ಯನವರು ಅದನ್ನು ಒಪ್ಪಿಕೊಂಡರೆಂದೂ ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಈ ಕಥೆಯನ್ನು ಪೂಜೆ ತಪ್ಪಿಸುವುದಕ್ಕೆ ನೆಪವಾಗಿ ಹಿಡಿಯುವವರೂ ಉಂಟು. ಅದು ಸಲ್ಲದು. ಮಾಚಿದೇವರ ಮಾತಿಗೆ ಕಿವಿಗೊಟ್ಟು ಚಂದಯ್ಯನವರು ಲಿಂಗವನ್ನು ಮರಳಿ ಧರಿಸಿದರೆಂಬ ಭಾಗವನ್ನು ಅಂಥವರು ಬಿಟ್ಟು ಓದುತ್ತಾರೆ. ಕಾಯಕವು ಸುಳ್ಳಾದರೆ ಲಿಂಗಪೂಜೆಯೂ ಸುಳ್ಳಾಗುವುದೆಂಬುದೇ ಅಲ್ಲಿಯ ತಿರುಳು.

ಹುಲ್ಲಿನ ಹುರಿಯ ನ್ಯಾಯವೇ ಉಕ್ಕಿನ ಹುರಿಗೂ ಅನ್ವಯಿಸುತ್ತದೆ. ಒಂದೊಂದು ಎಳೆ ದುರ್ಬಲ. ಹಲವು ಎಳೆಗಳನ್ನು ಕೂಡಿ ಹೊಸೆದರೆ ಭಾರವು ಎಲ್ಲವುಗಳ ಮೇಲೆ ಹಂಚಿಹೋಗುತ್ತದೆ. ಜರ್ಮನಿಯ ಹಾರ್ಟ್ಸ್ ಗಣಿಗಳಲ್ಲಿ 1834ರಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬವನು ಕಬ್ಬಿಣದ ತಂತಿಗಳನ್ನು ಹಗ್ಗದಂತೆ ಹೊಸೆದು ಬಳಕೆಗೆ ತಂದನು. 1896ರಲ್ಲಿ ಇಂಗ್ಲೆಂಡಿನಲ್ಲಿ ಅರ್ನೆಸ್ಟ್ ಬೌಡನ್ ಎಂಬವನು ಬಾಗುವ ಕೊಳವೆಯೊಳಗೆ ಅಂಥ ತಂತಿಯನ್ನು ಸೇರಿಸಿ, ಅಡ್ಡತಿಡ್ಡ ದಾರಿಯಲ್ಲಿಯೂ ಎಳೆತವು ಸಾಗುವ ಉಪಾಯಕ್ಕೆ ಹಕ್ಕುಪತ್ರ ಪಡೆದನು. ಸೈಕಲ್ಲಿನ ಬ್ರೇಕಿಗೂ ಮೋಟಾರಿನ ಎಕ್ಸಿಲೇಟರಿಗೂ ಒದಗಿದ ತಂತಿ ಇದೇ.

ಶಲವಡಿಯ ಸೀಮೆಯವರಿಗೆ ಈ ತಂತಿಯ ಪರಿಚಯವಿಲ್ಲದೆ ಇಲ್ಲ. ಅತ್ತ ನವಲಗುಂದ, ಇತ್ತ ಅಣ್ಣಿಗೇರಿ, ನಡುವೆ ಹರಡಿದ ಎರೆಭೂಮಿ. ಬೇಸಿಗೆಯಲ್ಲಿ ಆ ಮಣ್ಣು ಬಿರಿದು ಹುಡಿಯಾಗಿ ಏಳುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಗಾಲಿಗೆ ಮೆತ್ತಿಕೊಂಡು ಬಿಡದು. ಧಾರವಾಡ ಜಿಲ್ಲೆಯು 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. 1961ರಲ್ಲಿ ಮೈಸೂರು ರಾಜ್ಯದ ಸಾರಿಗೆ ನಿಗಮ ಏರ್ಪಟ್ಟಿತು. 1997ರಿಂದ ಹುಬ್ಬಳ್ಳಿಯನ್ನೇ ಕೇಂದ್ರವಾಗಿಸಿಕೊಂಡ ವಾಯವ್ಯ ಸಾರಿಗೆ ಸಂಸ್ಥೆ ಈ ಭಾಗದ ಬಸ್ಸುಗಳನ್ನು ನಡೆಯಿಸುತ್ತಿದೆ. ಆಡಳಿತಗಳು ಬದಲಾದವು, ಎರೆಮಣ್ಣಿನ ಹುಡಿ ಬದಲಾಗಲಿಲ್ಲ. ಹಲವು ಹೊಸ ಬಸ್ಸುಗಳಲ್ಲಿ ಚಾಲಕನ ಕಾಲಿನ ಆಜ್ಞೆಯನ್ನು ವಿದ್ಯುತ್ ಸಂಕೇತವೇ ಒಯ್ಯುತ್ತದೆ. ಹಳೆಯ ಗಾಡಿಗಳಲ್ಲಿ ಕೆಲವಕ್ಕೆ ಕಡ್ಡಿಗಳ ಜೋಡಣೆ, ಕೆಲವಕ್ಕೆ ಕೊಳವೆಯ ತಂತಿ. ಈ ತಂತಿಯ ಕೊಳವೆಯೊಳಗೆ ಹುಡಿ ಸೇರಿ, ಮೇಲೆ ನೀರಿಳಿದು ತುಕ್ಕು ಹಿಡಿಯಿತೆಂದರೆ ತೊಂದರೆಗೆ ಬೀಜ ಬಿದ್ದಂತೆಯೇ.

ತಂತಿಯ ಗುಣವನ್ನು ಒಮ್ಮೆ ಅರಿಯತಕ್ಕುದು. ಅದು ಎಳೆಯಬಲ್ಲುದೇ ಹೊರತು ನೂಕಲಾರದು. ಚಾಲಕನು ಪೆಡಲನ್ನು ಒತ್ತಿದಾಗ ತಂತಿಯು ಕಾರ್ಬೊರೇಟರಿನ ಬಾಗಿಲನ್ನಾಗಲಿ, ಡೀಸೆಲ್ ಗಾಡಿಯಾದರೆ ಪಂಪಿನ ಹಿಡಿಯನ್ನಾಗಲಿ ಎಳೆಯುತ್ತದೆ. ಕಾಲು ತೆಗೆದಾಗ ಅದನ್ನು ಮರಳಿ ತರುವುದು ಸ್ಪ್ರಿಂಗು. ಮುಂದಕ್ಕೆ ಹೋಗುವ ಶಕ್ತಿ ಒಂದು, ಹಿಂದಿರುಗುವ ಶಕ್ತಿ ಇನ್ನೊಂದು. ಎರಡನೆಯದು ಕೆಟ್ಟರೆ ಮೊದಲನೆಯದೇ ಶತ್ರುವಾಗುತ್ತದೆ. ಗಳಿಸುವ ಹುರುಪು ಬೇಕಾದಷ್ಟಿದ್ದು ಸಾಕೆಂದು ಮರಳುವ ಬುದ್ಧಿಯಿಲ್ಲದ ಗೃಹಸ್ಥನ ಸ್ಥಿತಿ ಇದಕ್ಕಿಂತ ಬೇರೆಯಲ್ಲ.

ತಂತಿಯು ಪೂರ್ತಿ ಹರಿದರೆ ಇಂಜಿನು ಮೆಲ್ಲಗಾಗಿ ಬಸ್ಸು ನಿಲ್ಲುತ್ತದೆ. ಸಂತೆಗೆ ಹೊರಟವರು ಗೊಣಗುತ್ತಾರೆ, ಜೀವಕ್ಕೆ ಕೇಡಿಲ್ಲ. ಭಯಂಕರವಾದುದು ಅರೆಹರಿದ ತಂತಿ. ಹತ್ತಾರು ಎಳೆಗಳಲ್ಲಿ ಎರಡು ಮೂರು ತುಂಡಾಗಿ, ಮುರಿದ ಮೊನೆ ಕೊಳವೆಯ ಒಳಮೈಗೆ ಸಿಕ್ಕಿಕೊಂಡಿತೆಂದರೆ ಕಾಲು ತೆಗೆದರೂ ಇಂಜಿನು ಕೂಗುತ್ತಲೇ ಇರುತ್ತದೆ. ಆಗ ಚಾಲಕನು ಎದೆಗುಂದದೆ ಕ್ಲಚ್ಚನ್ನೊತ್ತಿ, ಗೇರನ್ನು ಬಿಡಿಸಿ, ಬ್ರೇಕು ಹಿಡಿದು ಬಸ್ಸನ್ನು ಬದಿಗೆ ತಂದು ಇಂಜಿನನ್ನು ನಿಲ್ಲಿಸಬೇಕು; ಪೆಟ್ರೋಲಿನದಾದರೆ ಕೀಲಿಯಿಂದ, ಹಳೆಯ ಡೀಸೆಲ್ಲಿನದಾದರೆ ನಿಲ್ಲಿಸುವ ಗುಂಡಿಯನ್ನೆಳೆದು. ಹೊರಗೆ ಕೊಳವೆ ನಯವಾಗಿಯೇ ಕಾಣುತ್ತಿರುತ್ತದೆ, ಮುರುಕು ಒಳಗಿರುತ್ತದೆ. ವಿಭೂತಿ ರುದ್ರಾಕ್ಷಿಗಳ ಹೊದಿಕೆಯ ಅಡಿಯಲ್ಲಿ ಕಪಟವನ್ನು ಇಟ್ಟುಕೊಂಡವರನ್ನು ಶರಣರು ಅಷ್ಟು ಕಟುವಾಗಿ ನುಡಿದುದೇಕೆಂಬುದು ಇಂಥ ತಂತಿಯನ್ನು ಕಂಡ ಮಿಸ್ತ್ರಿಗೆ ಬೇಗ ತಿಳಿದೀತು.

ಈಗ ಶಲವಡಿಯ ದಾರಿಯಲ್ಲಿ ಅಂಥದೊಂದು ಹಳೆಯ ಬಸ್ಸು ನಿಂತಿದೆಯೆಂದು ಭಾವಿಸಿಕೊಳ್ಳಬಹುದು. ಒಳಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ ಬಸುರಿ, ಪರೀಕ್ಷೆಗೆ ಹೊರಟ ಹುಡುಗರು. ಮುರಿದ ಎಳೆಗಳನ್ನು ಕತ್ತರಿಸಿ ಎಣ್ಣೆ ಬಿಟ್ಟು, “ಹೋಗ್ರಿ ಯಪ್ಪಾ, ಏನೂ ಆಗೂದಿಲ್ಲ” ಎಂದುಬಿಟ್ಟರೆ ಕೆಲಸ ಹತ್ತು ನಿಮಿಷದ್ದು, ಎಲ್ಲರಿಂದಲೂ ಹೊಗಳಿಕೆ. ಸರಿಯಾಗಿ ಮಾಡಿದರೆ ತಾಸು ಹೊತ್ತು, ಜೊತೆಗೆ ಬೈಗುಳ. ಮಿಸ್ತ್ರಿಯ ಭಕ್ತಿಯ ಪರೀಕ್ಷೆ ನಡೆಯುವುದು ಇಲ್ಲಿ. ಆತುರವುಳ್ಳವರನ್ನು ಬೇರೆ ಗಾಡಿಯಲ್ಲಿ ಕಳುಹಿಸಿಕೊಡುವುದು ದಯೆ. ಕೆಟ್ಟ ತಂತಿಯ ಬಸ್ಸಿನಲ್ಲಿಯೇ ಕಳುಹಿಸುವುದು ದಯೆಯ ವೇಷದ ಹಿಂಸೆ.

ಸತ್ಯಶುದ್ಧವಾದ ಕೆಲಸದ ಕ್ರಮ ಗುಟ್ಟಿನದೇನೂ ಅಲ್ಲ. ಇಂಜಿನನ್ನು ನಿಲ್ಲಿಸಿ, ಎರಡು ತುದಿಗಳನ್ನು ಬಿಚ್ಚಿ, ತಂತಿಯನ್ನು ಹೊರಗೆಳೆದು, ಒಂದೊಂದು ಎಳೆಯನ್ನೂ ಬೆರಳಿನಿಂದಲ್ಲ, ಕಣ್ಣಿನಿಂದಲೂ ಬಟ್ಟೆಯಿಂದಲೂ ಪರೀಕ್ಷಿಸಬೇಕು. ಮುರಿದ ಉಕ್ಕು ಬೆರಳನ್ನು ಸೀಳುತ್ತದೆ. ಒಂದು ಎಳೆ ಹೋಗಿದ್ದರೂ ಇಡೀ ತಂತಿಯನ್ನು ಬದಲಿಸತಕ್ಕುದು. ಹುಲ್ಲಿನ ಹಗ್ಗಕ್ಕೆ ಗಂಟುಹಾಕಿ ಬಳಸಬಹುದು, ಕೊಳವೆಯ ತಂತಿಗೆ ಗಂಟು ಒಪ್ಪದು. ಹೊಸ ತಂತಿಯನ್ನು ಹಳೆಯದರ ಅಳತೆಗೆ ಕೊಯ್ದು, ತುದಿಯ ಎಳೆಗಳನ್ನು ಗುಂಡಿನೊಳಗೆ ಅರಳಿಸಿ, ಶುಚಿಮಾಡಿ ಬೆಸುಗೆ ತುಂಬಬೇಕು. ಕೊಳವೆಯು ತುಕ್ಕು ಹಿಡಿದಿದ್ದರೆ ಅದನ್ನೂ ಬಿಸಾಡಬೇಕು. ಬಿಸಿಯಾದ ಹೊಗೆಕೊಳವೆಗೆ ತಾಗದಂತೆ, ಚೂಪಾದ ತಿರುವಿಲ್ಲದಂತೆ ದಾರಿ ಮಾಡಿ, ತುಸು ಸಡಿಲಿಟ್ಟು ಬಿಗಿಯಬೇಕು. ಆಮೇಲೆ ಇಂಜಿನು ಹಚ್ಚದೆಯೇ ಒಬ್ಬನು ಪೆಡಲನ್ನೊತ್ತುತ್ತಿರಲು ಇನ್ನೊಬ್ಬನು ಆ ತುದಿಯನ್ನು ನೋಡಬೇಕು: ಪೂರ್ತಿ ಒತ್ತಿದರೆ ಪೂರ್ತಿ ತೆರೆಯುವುದೇ, ಬಿಟ್ಟೊಡನೆ ತಡೆಯಿಲ್ಲದೆ ಮುಚ್ಚುವುದೇ ಎಂದು. ಎರಡನೆಯ ಪ್ರಶ್ನೆಗೆ ಹತ್ತು ಸಲವೂ ಹೌದೆಂಬ ಉತ್ತರ ಬರಬೇಕು.

ಕೂಲಿಯ ವಿಷಯದಲ್ಲಿಯೂ ಚಂದಯ್ಯನವರ ನಡೆ ದಾರಿತೋರುತ್ತದೆ. ಲಿಂಗವು ಹಗ್ಗ ಮಾರಿ ತಂದ ಹಣವು ತಕ್ಕ ಬೆಲೆಯನ್ನು ಮೀರಿತ್ತೆಂದು ಅವರು ಅದನ್ನು ಒಪ್ಪಲಿಲ್ಲವಂತೆ. ದಾರಿಯಲ್ಲಿ ನಿಂತ ಜನರ ಸಂಕಟವನ್ನು ಕಂಡು ತಂತಿಯ ಬೆಲೆಯನ್ನು ಇಮ್ಮಡಿ ಮಾಡುವವನು ತನ್ನ ದಾಸೋಹದ ಅನ್ನದಲ್ಲಿ ಆ ಸಂಕಟವನ್ನೇ ಬಡಿಸುತ್ತಾನೆ. ತಂತಿಯ ಬೆಲೆ, ಬೆಸುಗೆಯ ಬೆಲೆ, ತಾಸಿನ ಕೂಲಿ ಇಷ್ಟೇ ಅವನದು. ತೆಗೆದ ಹಳೆಯ ತಂತಿಯನ್ನು ಮೂಲೆಗೆ ಸುತ್ತಿಡದೆ, ಇನ್ನೊಬ್ಬರು ಅರಿಯದೆ ಮತ್ತೊಂದು ಗಾಡಿಗೆ ಹಾಕಿಬಿಡದಂತೆ, ಅಲ್ಲಿಯೇ ಮೂರು ತುಂಡು ಮಾಡಿ ಗುಜರಿಗೆ ಹಾಕುವುದೂ ಆ ಕೂಲಿಯೊಳಗೇ ಸೇರಿದ ಕೆಲಸ.