ದ್ರೋಹ ಎಂಬ ಮಾತು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ನಾವು ಕೇಳುತ್ತ ಬೆಳೆದ ಬೈಗುಳ ‘ಉಂಡ ಮನೆಗೆ ದ್ರೋಹ ಬಗೆದವನು’. ಉರ್ದುವಿನಲ್ಲಿ ಅದೇ ‘ನಮಕ್ ಹರಾಮ್’. ಒಂದರಲ್ಲಿ ಅನ್ನವಿದೆ, ಇನ್ನೊಂದರಲ್ಲಿ ಉಪ್ಪು. ಎಂದರೆ ಮನೆಯವನಷ್ಟೇ ದ್ರೋಹಿಯಾಗಬಲ್ಲ. ಹೊರಗಿನವನು ಹೆಚ್ಚೆಂದರೆ ಶತ್ರು. ಹಾಗಿರುವಾಗ ಒಬ್ಬನನ್ನೇ ದೇಶದ್ರೋಹಿಯೆಂದೂ ಪರಕೀಯನೆಂದೂ ಕರೆಯುವುದು ಹೇಗೆ?

1870ರಲ್ಲಿ ಬ್ರಿಟಿಷರು ತಂದ 124ಎ ಕಲಮು ಶಿಕ್ಷಿಸುತ್ತಿದ್ದುದು ಸರ್ಕಾರದ ಮೇಲಿನ ಅಪ್ರೀತಿಯನ್ನು. ಕನ್ನಡದಲ್ಲಿ ಅದು ರಾಜದ್ರೋಹ. ತಿಲಕರೂ ಗಾಂಧೀಜಿಯೂ ಅದರಡಿ ಜೈಲು ಕಂಡರು. ಬೀದಿಯ ಮಾತಿನಲ್ಲಿ ‘ರಾಜ’ ಹೋಗಿ ‘ದೇಶ’ ಬಂತು. ಸರ್ಕಾರವನ್ನು ಟೀಕಿಸಿದವನು ದೇಶಕ್ಕೇ ದ್ರೋಹಿಯಾದ. 2020ರಲ್ಲಿ ಬೀದರಿನ ಶಾಲಾಮಕ್ಕಳ ನಾಟಕದ ಮೇಲೂ ಈ ಕಲಮು ಬಿತ್ತು. ಶಾಲೆಯ ಆಡಳಿತದವರ ಮೇಲಿನ ಪ್ರಕರಣವನ್ನು ಹೈಕೋರ್ಟು ರದ್ದುಮಾಡಿದ್ದು 2023ರಲ್ಲಿ.

ಆ ಮಾತು ನಾಲಿಗೆಗೆ ಬರುವ ಮುನ್ನ ನಾವೆಲ್ಲ ಕೇಳಿಕೊಳ್ಳೋಣ: ಮೋಸಹೋದವರು ಯಾರು? ನಡೆದ ಕೃತ್ಯವೇನು?